ಕಟ್ಟು ಬಿಚ್ಚುವ ಕೆಲಸ

ಕಿರು ಕ್ರೈಸ್ತ ಸಮುದಾಯಗಳ ಈ ತಿಂಗಳ ಅಧ್ಯಯನಕ್ಕೆ
ಮೊದಲು ಓದಿಕೊಳ್ಳಿ: ಯೊವಾನ್ನ 11:38–44, ಲೂಕ 10:33–35



ಬೆಥಾನಿಯದ ಲಾಜರನ ಕಥೆ ನಮಗೆಲ್ಲ ಬಾಯಿಪಾಠ. ಸತ್ತು ನಾಲ್ಕು ದಿನವಾದವನನ್ನು ಯೇಸುಸ್ವಾಮಿ ಹೆಸರು ಹಿಡಿದು ಕರೆಯುತ್ತಾರೆ, ಆತ ಸಮಾಧಿಯಿಂದ ಹೊರಗೆ ಬರುತ್ತಾನೆ. ಪ್ರಬೋಧನೆಗಳು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತವೆ. ಶುಭಸಂದೇಶ ಮಾತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊರಗೆ ಬಂದವನ ಕೈಕಾಲುಗಳಿಗೆ ಬಟ್ಟೆ ಸುತ್ತಿತ್ತು, ಮುಖಕ್ಕೆ ವಸ್ತ್ರ ಕಟ್ಟಿತ್ತು. ಜೀವ ಬಂದಿದೆ, ಆದರೆ ನಡೆಯಲಾಗದು, ಕಣ್ಣು ಕಾಣದು. ಆಗ ಸ್ವಾಮಿ ಸುತ್ತ ನಿಂತವರ ಕಡೆ ತಿರುಗಿ, ಅವನ ಕಟ್ಟು ಬಿಚ್ಚುವ ಕೆಲಸವನ್ನು ಅವರಿಗೆ ಹೇಳುತ್ತಾರೆ. ಸತ್ತವನನ್ನು ಎಬ್ಬಿಸಿದವರಿಗೆ ಬಟ್ಟೆ ಬಿಚ್ಚುವುದೇನೂ ಕಷ್ಟವಾಗಿರಲಿಲ್ಲ. ಆದರೂ ಅಷ್ಟನ್ನು ನೆರೆಹೊರೆಯವರಿಗೇ ಬಿಟ್ಟರು.

ಕುಡಿತದಿಂದ ಹೊರಬರುತ್ತಿರುವವರಿಗೆ ಧರ್ಮಕೇಂದ್ರ ಏನು ಮಾಡಬಹುದು ಎಂಬುದು ಈ ಬಾರಿಯ ಅಧ್ಯಯನದ ವಿಷಯ. ಒಬ್ಬರು ಕುಡಿತ ಬಿಟ್ಟರೆಂದರೆ ದೇವರ ಕೃಪೆಯಿಂದ ಬಿಟ್ಟರು ಎನ್ನುತ್ತೇವೆ. ಅದು ನಿಜವೇ. ಆದರೆ ಬಿಟ್ಟ ದಿನ ಅವರು ಇನ್ನೂ ಸಮಾಧಿಯ ಬಾಗಿಲಲ್ಲೇ ನಿಂತಿರುತ್ತಾರೆ. ನಿದ್ದೆ ಬರದ ರಾತ್ರಿ, ತೀರದ ಸಾಲ, ನಂಬಿಕೆ ಕಳೆದುಕೊಂಡ ಹೆಂಡತಿ, ದಾರಿಯಲ್ಲಿ ಕೈಹಿಡಿದು ಎಳೆಯುವ ಹಳೇ ಗೆಳೆಯರು, ಏನು ಮಾಡಬೇಕೆಂದು ತೋಚದ ಸಂಜೆ, ಇವೆಲ್ಲ ಮೈಗೆ ಸುತ್ತಿಕೊಂಡೇ ಇರುತ್ತವೆ. ಅವನ್ನು ಬಿಚ್ಚಬೇಕಾದರೆ ಹತ್ತಿರ ಹೋಗಬೇಕು. ಹತ್ತಿರ ಹೋದರೆ ವಾಸನೆ ಬರುತ್ತದೆ. ಮಾರ್ಥಳು ಅದನ್ನು ಮೊದಲೇ ಹೇಳಿದ್ದಳು.

ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯ ನಮ್ಮ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು, ಪಕ್ಕದ ಮನೆಯದು ತೆಲುಗು. ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ, ಹಬ್ಬದ ದಿನ ಯಾವ ಭಾಷೆಯ ಗೀತೆ ಎಷ್ಟು ಎಂದು ಮಾತು ಬಂದಾಗ ಮೂರು ಗುಂಪಾಗುವವರು, ಟಾಸ್ಮಾಕ್ ಅಂಗಡಿಯ ಮುಂದಿನ ಸಾಲಿನಲ್ಲಿ ಮಾತ್ರ ಒಂದೇ ಸಭೆ! ತಮಿಳುನಾಡಿನಲ್ಲಿ 2003ರಿಂದ ಮದ್ಯದ ಚಿಲ್ಲರೆ ಮಾರಾಟವೂ ಸರ್ಕಾರಿ ನಿಗಮದ ಕೈಯಲ್ಲೇ ಇದೆ. ಇಲ್ಲಿ ಅಂಗಡಿ ಮುಚ್ಚಿದ ದಿನ ಅತ್ತಿಬೆಲೆ ಗಡಿ ದಾಟಿದರೆ ಸಾಕು. ಆದ್ದರಿಂದ ಸಿಗದಂತೆ ಮಾಡಿ ಬಿಡಿಸುತ್ತೇವೆ ಎಂಬ ಲೆಕ್ಕ ಗಡಿನಾಡಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ, ನಮ್ಮ ಅಧ್ಯಯನಕ್ಕೆ ಅದೇ ಮುಖ್ಯ: ಮದ್ಯದ ಚಟಕ್ಕೆ ಪೂರ್ತಿ ಸಿಕ್ಕಿಬಿದ್ದವರಲ್ಲಿ ಸುಮಾರು 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ. ಉಳಿದ 37 ಮಂದಿ ಆಸ್ಪತ್ರೆಗೆ ಹೋಗಿಲ್ಲ. ಅವರಲ್ಲಿ ಕೆಲವರು ಭಾನುವಾರ ದೇವಾಲಯಕ್ಕೆ ಬರುತ್ತಾರೆ, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ, ಪರಮಪ್ರಸಾದದ ಹೊತ್ತಿಗೆ ಹೊರಗೆ ಹೋಗುತ್ತಾರೆ. ಹೆಂಗಸರೂ ಇದ್ದಾರೆ, ಅವರು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಮಾತು ಕೊಡುವುದು ಎಷ್ಟು ದಿನಕ್ಕೆ?

ತಪಸ್ಸುಕಾಲದಲ್ಲಿ ಕುಡಿಯುವುದಿಲ್ಲ ಎಂದು ಬಲಿಪೀಠದ ಮುಂದೆ ಮಾತು ಕೊಡುವವರು ಅನೇಕರಿದ್ದಾರೆ. ನಲವತ್ತು ದಿನ ಮಾತು ಉಳಿಸಿಕೊಂಡು ಪಾಸ್ಕ ಹಬ್ಬದ ಮಧ್ಯಾಹ್ನ ಬಡ್ಡಿ ಸಮೇತ ವಸೂಲಿ ಮಾಡುವವರೂ ಇದ್ದಾರೆ. ನಲವತ್ತು ದಿನ ಬಿಟ್ಟಿದ್ದೇನಲ್ಲ, ನನಗೆಲ್ಲಿಯ ಚಟ ಎಂದು ಅವರು ಕೇಳುತ್ತಾರೆ. ದಿನ ಎಣಿಸಿಕೊಂಡು ಕಾಯುವುದೇ ಚಟದ ಗುರುತು ಎಂದು ಹೇಳಿದರೆ ಸಿಟ್ಟಾಗುತ್ತಾರೆ. ಸಿಟ್ಟಾದರೂ ಹೇಳುವುದು ಒಳ್ಳೆಯದು.

ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ (1856–1925) ಹುಡುಗನಾಗಿದ್ದಾಗಲೇ ಕುಡಿತ ಕಲಿತವರು. ಸಂಬಳವೆಲ್ಲ ಹೆಂಡದಂಗಡಿಗೇ ಹೋಗುತ್ತಿತ್ತು. ಒಮ್ಮೆ ಕುಡಿಯಲು ಹಣ ಬೇಕೆಂದು ಬೀದಿಯಲ್ಲಿ ಪಿಟೀಲು ನುಡಿಸುತ್ತಿದ್ದ ಬಡವನ ಪಿಟೀಲನ್ನೇ ಕದ್ದು ಮಾರಿದರು. 1884ರಲ್ಲಿ, 28ನೇ ವಯಸ್ಸಿನಲ್ಲಿ, ಜೇಬಿನಲ್ಲಿ ಕಾಸಿಲ್ಲದೆ ಅಂಗಡಿಯ ಹೊರಗೆ ನಿಂತು ಗೆಳೆಯರು ಕರೆದಾರೆಂದು ಕಾದರು. ಯಾರೂ ಕರೆಯಲಿಲ್ಲ. ನೇರ ಮನೆಗೆ ಹೋಗಿ ಕುಡಿತ ಬಿಡುವುದಾಗಿ ತಾಯಿಗೆ ಹೇಳಿದರು. ಗುರುಗಳ ಬಳಿ ಹೋಗಿ ಮಾತು ಕೊಟ್ಟರು. ಆದರೆ ಜೀವಮಾನಕ್ಕೆಂದು ಕೊಡಲಿಲ್ಲ, ಮೂರೇ ತಿಂಗಳಿಗೆ ಕೊಟ್ಟರು. ಅದು ಮುಗಿದ ಮೇಲೆ ಆರು ತಿಂಗಳು, ಕೊನೆಗೆ ಸಾಯುವ ತನಕ. ಬದುಕಿದ್ದ ಮುಂದಿನ ನಲವತ್ತು ವರ್ಷ ಮತ್ತೆ ಕುಡಿಯಲಿಲ್ಲ. ಒಮ್ಮೆ ಆಸೆ ತಡೆಯಲಾಗದೆ ಅಂಗಡಿಯೊಳಗೆ ಹೊಕ್ಕು ಹೇಗೋ ತಪ್ಪಿಸಿಕೊಂಡು ಹೊರಬಂದ ಮೇಲೆ, ಜೇಬಿನಲ್ಲಿ ಹಣ ಇಟ್ಟುಕೊಂಡು ಓಡಾಡುವುದನ್ನೇ ಬಿಟ್ಟರು. ಹಳೇ ಸಾಲಗಳನ್ನು ಒಂದೊಂದಾಗಿ ತೀರಿಸಿದರು. ಆ ಪಿಟೀಲಿನವನನ್ನು ಎಷ್ಟೋ ಕಾಲ ಹುಡುಕಿದರು. ಸಿಗದೇ ಹೋದಾಗ ಅವನ ಆತ್ಮಕ್ಕೆ ಪೂಜೆ ಹೇಳಿಸಿದರು. 1925ರ ಜೂನ್ 7ರಂದು ಪೂಜೆಗೆ ನಡೆದು ಹೋಗುತ್ತಾ ರಸ್ತೆಯಲ್ಲೇ ಕುಸಿದು ತೀರಿಕೊಂಡರು. 1975ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅವರನ್ನು ಪೂಜ್ಯರೆಂದು ಘೋಷಿಸಿದರು.

ಇವರ ಪ್ರಾರ್ಥನಾ ಜೀವನ, ಉಪವಾಸ, ಮೈಗೆ ಸುತ್ತಿಕೊಂಡಿದ್ದ ಸರಪಳಿ ಇವುಗಳ ಬಗ್ಗೆ ಬಹಳ ಬರೆದಿದ್ದಾರೆ. ಹೆಣಗುತ್ತಿರುವ ಮನುಷ್ಯನಿಗೆ ಸರಪಳಿಗಿಂತ ಆ ಮೂರು ತಿಂಗಳು ಮತ್ತು ಖಾಲಿ ಜೇಬು ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನಮ್ಮ ಅಭಿಪ್ರಾಯ. ಜೀವಮಾನವಿಡೀ ಮುಟ್ಟುವುದಿಲ್ಲ ಎಂದು ಎಲ್ಲರ ಮುಂದೆ ಆಣೆ ಮಾಡಿಸಿದರೆ, ಎಂಟನೇ ದಿನ ಬಿದ್ದವರು ಮತ್ತೆ ದೇವಾಲಯದ ಮೆಟ್ಟಿಲು ಹತ್ತಲು ನಾಚುತ್ತಾರೆ. ಶನಿವಾರದ ಕೂಲಿ ಕೈಗೆ ಬರುವ ಬದಲು ಹೆಂಡತಿಯ ಖಾತೆಗೆ ಹೋಗುವಂತೆ ಅವರೇ ಒಪ್ಪಿ ಮಾಡಿಕೊಂಡರೆ, ಅದೂ ಒಂದು ಪ್ರಾರ್ಥನೆಯೇ.

ಧ್ಯಾನಕೂಟಕ್ಕಿಂತ ಮೊದಲು ವೈದ್ಯರು

ಈ ಭಾಗವನ್ನು ಸಮುದಾಯದ ಸಭೆಯಲ್ಲಿ ದಯವಿಟ್ಟು ಗಟ್ಟಿಯಾಗಿ ಓದಿ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಮೊದಲು ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು. ನಿಲ್ಲಿಸಿದ ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಬುದ್ಧಿ ಭ್ರಮಿಸುತ್ತದೆ. ಇಲ್ಲದ ಹುಳಹುಪ್ಪಟೆ ಮೈಮೇಲೆ ಹರಿದಂತೆ ಕಾಣುತ್ತದೆ, ಯಾರೋ ಕೊಲ್ಲಲು ಬಂದಂತೆ ಕೂಗುತ್ತಾರೆ, ಜ್ವರ ಏರುತ್ತದೆ. ಇದನ್ನು ನೋಡಿ ದೆವ್ವ ಮೆಟ್ಟಿದೆ ಎಂದು ಕೋಣೆಯಲ್ಲಿ ಕೂಡಿಹಾಕಿ ಪ್ರಾರ್ಥಿಸುವವರಿದ್ದಾರೆ. ಪ್ರಾರ್ಥಿಸಿ, ಆದರೆ ಆಂಬುಲೆನ್ಸ್‌ನಲ್ಲಿ ಕೂತು ಪ್ರಾರ್ಥಿಸಿ. ಔಷಧ ಮತ್ತು ವಿಟಮಿನ್ ಕೊಟ್ಟು ಈ ದಿನಗಳನ್ನು ಸುರಕ್ಷಿತವಾಗಿ ದಾಟಿಸುವುದು ವೈದ್ಯರಿಗೆ ಗೊತ್ತು. ವೈದ್ಯನನ್ನು ಗೌರವಿಸಬೇಕು, ಅವನನ್ನೂ ಸೃಷ್ಟಿಸಿದವರು ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಬೋಧಿಸುತ್ತದೆ. ಆದ್ದರಿಂದ ದಿನವೂ ಕುಡಿಯುವವರನ್ನು ಮೂರು ದಿನದ ಧ್ಯಾನಕೂಟಕ್ಕೆ ಕರೆದೊಯ್ಯುವ ಮೊದಲು ಒಬ್ಬ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಗೊತ್ತಾಗದಂತೆ ಊಟದಲ್ಲಿ ಬೆರೆಸಿದರೆ ಕುಡಿತ ಬಿಡಿಸುತ್ತದೆ ಎಂಬ ಪುಡಿಗಳ ಜಾಹೀರಾತು ಗೋಡೆಗೋಡೆಗಳಲ್ಲಿ ಕಾಣುತ್ತದೆ. ಡೈಸಲ್ಫಿರಾಮ್ ಎಂಬ ನಿಜವಾದ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡವರು ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಔಷಧ ಅದು. ಕದ್ದು ಸಾರಿನಲ್ಲಿ ಬೆರೆಸಿದರೆ ಪ್ರಾಣಕ್ಕೇ ಸಂಚಕಾರ. ಅಕ್ಕಂದಿರೇ, ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ, ಆದರೂ ಬೇಡ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಟ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆಸ್ಪತ್ರೆ ಇರುವುದೂ ಹೊಸೂರು ರಸ್ತೆಯಲ್ಲೇ, ನಮ್ಮೂರ ಬಸ್ಸು ಹೋಗುವ ದಾರಿಯಲ್ಲಿ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಫೋನಿನಲ್ಲಿ ಕೇಳುವುದಾದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಎರಡಕ್ಕೂ ಖರ್ಚಿಲ್ಲ.

ಮೂವತ್ತು ವರ್ಷ ಎದ್ದು ಹೋಗದವರು

ಚೀನಾದ ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಅವರ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಇವರು 1834ರಲ್ಲಿ ಹುಟ್ಟಿದ ಕ್ರೈಸ್ತ ಮನೆತನದ ವೈದ್ಯರು, ಬಡವರಿಗೆ ಹಣ ತೆಗೆದುಕೊಳ್ಳದೆ ಮದ್ದು ಕೊಡುತ್ತಿದ್ದವರು, ಊರಲ್ಲಿ ಮರ್ಯಾದೆ ಇದ್ದವರು. ಹೊಟ್ಟೆಯ ಕಾಯಿಲೆಯೊಂದಕ್ಕೆ ಆ ಕಾಲದ ರೂಢಿಯಂತೆ ಅಫೀಮನ್ನು ಮದ್ದಾಗಿ ತೆಗೆದುಕೊಂಡರು. ಕಾಯಿಲೆ ಹೋಯಿತು, ಅಫೀಮು ಉಳಿಯಿತು. ಪಾಪನಿವೇದನೆಗೆ ಹೋದರು, ಬಿಡುತ್ತೇನೆಂದರು, ಬಿಡಲಾಗಲಿಲ್ಲ. ಮತ್ತೆ ಹೋದರು, ಅದೇ ಪಾಪ. ಎಷ್ಟೋ ಸಲ ಹೀಗಾದ ಮೇಲೆ ಗುರುಗಳು, ಚಟ ಬಿಡುವ ತನಕ ಪಾಪಕ್ಷಮೆ ಕೊಡಲಾಗದು ಎಂದರು. ನಿಜವಾದ ಪಶ್ಚಾತ್ತಾಪವಿದ್ದರೆ ಬಿಟ್ಟೇ ಬಿಡುತ್ತಿದ್ದ ಎಂಬುದು ಅಂದಿನ ತಿಳಿವಳಿಕೆ. ಚಟವೆಂಬುದು ಮೆದುಳನ್ನೂ ಇಚ್ಛೆಯನ್ನೂ ಹೇಗೆ ಹಿಡಿಯುತ್ತದೆ ಎಂಬುದು ಅಂದಿನ ವೈದ್ಯಶಾಸ್ತ್ರಕ್ಕೂ ತಿಳಿದಿರಲಿಲ್ಲ, ಆ ಗುರುಗಳನ್ನು ಬೈದು ಪ್ರಯೋಜನವಿಲ್ಲ.

ಹೀಗೆ ಸುಮಾರು ಮೂವತ್ತು ವರ್ಷ ಅವರಿಗೆ ಪಾಪಕ್ಷಮೆ ಇಲ್ಲ, ಪರಮಪ್ರಸಾದವಿಲ್ಲ. ಭಾನುವಾರಗಳನ್ನು ಮಾತ್ರ ಲೆಕ್ಕ ಹಾಕಿದರೂ ಒಂದೂವರೆ ಸಾವಿರಕ್ಕೂ ಹೆಚ್ಚು. ಸುತ್ತಲಿನವರು ಎದ್ದು ಬಲಿಪೀಠದ ಕಡೆ ನಡೆಯುವಾಗ ತಾನೊಬ್ಬನೇ ಕೂತಿರುವುದು ಎಂಥದ್ದೆಂದು, ಒಂದು ಭಾನುವಾರ ಹಾಗೆ ಕೂತವರಿಗೆ ಗೊತ್ತು. ಇವರು ದೇವಾಲಯ ಬಿಡಲಿಲ್ಲ. ವಿಶ್ವಾಸ ಬಿಡಲಿಲ್ಲ. ಈ ಚಟ ಬಿಟ್ಟು ಪರಲೋಕ ಸೇರುವ ದಾರಿ ಕಾಣದೆ, ರಕ್ತಸಾಕ್ಷಿಯ ಮರಣವನ್ನಾದರೂ ಕೊಡಪ್ಪಾ ಎಂದು ಬೇಡುತ್ತಿದ್ದರಂತೆ.

1900ರಲ್ಲಿ ಬಾಕ್ಸರ್ ದಂಗೆಕೋರರು ಕ್ರೈಸ್ತರನ್ನು ಹಿಡಿದು ಕೊಲ್ಲತೊಡಗಿದಾಗ ಮಾರ್ಕ್ ಅವರನ್ನೂ ಅವರ ಮಗ, ಸೊಸೆಯಂದಿರು, ಮೊಮ್ಮಕ್ಕಳನ್ನೂ ಹಿಡಿದರು. ವಿಶ್ವಾಸ ಬಿಟ್ಟರೆ ಉಳಿಯಬಹುದಿತ್ತು. ಅಫೀಮು ಬಿಡಲಾಗದವರು ಎಂದೆನಿಸಿಕೊಂಡ ಮನುಷ್ಯ ಯೇಸುಸ್ವಾಮಿಯನ್ನು ಬಿಡಲಿಲ್ಲ. ತನ್ನ ಮನೆಯವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು, ತನ್ನನ್ನು ಎಲ್ಲರಿಗಿಂತ ಕೊನೆಗೆ ಕೊಲ್ಲಿ ಎಂದು ಕೇಳಿಕೊಂಡರು. ಮಾತೆ ಮರಿಯಮ್ಮನವರ ಸ್ತುತಿಮಾಲೆ ಹಾಡುತ್ತಾ ಪ್ರತಿಯೊಬ್ಬರ ಪಕ್ಕದಲ್ಲಿ ನಿಂತು, ಕಡೆಗೆ ಜುಲೈ 7ರಂದು ತಾವೂ ತಲೆ ಕೊಟ್ಟರು. 2000ದ ಅಕ್ಟೋಬರ್ 1ರಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಚೀನಾದ 120 ರಕ್ತಸಾಕ್ಷಿಗಳಲ್ಲಿ ಒಬ್ಬರಾಗಿ ಇವರನ್ನೂ ಸಂತರೆಂದು ಸಾರಿದರು. ಚಟ ಗೆದ್ದರೆಂಬ ಕಾರಣಕ್ಕೆ ಅವರು ಸಂತರಾಗಲಿಲ್ಲ ಎಂಬುದನ್ನು ಗಮನಿಸಿ.

ಇಂದು ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮದ್ಯದ ಅತಿರೇಕ ಪಾಪವೇ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಮಿತಿಯ ಸದ್ಗುಣವನ್ನೂ, ಕುಡಿದು ವಾಹನ ಓಡಿಸಿ ಬೇರೆಯವರ ಜೀವಕ್ಕೆ ಅಪಾಯ ತರುವವರ ಗುರುತರ ತಪ್ಪನ್ನೂ ಹೇಳುತ್ತದೆ. ಅದೇ ಗ್ರಂಥದ 1735ನೇ ಪರಿಚ್ಛೇದ, ಭಯ, ಬಲವಂತ, ಬೇರೂರಿದ ಅಭ್ಯಾಸ, ಮನಸ್ಸಿನ ಸ್ಥಿತಿ ಇವುಗಳಿಂದ ಒಬ್ಬರ ಹೊಣೆಗಾರಿಕೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎನ್ನುತ್ತದೆ. ಒಳ್ಳೆಯದನ್ನು ಬಯಸಿಯೂ ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ನರಳಿದ್ದೂ ಇದನ್ನೇ. ಬಿದ್ದವರು ಪಾಪನಿವೇದನೆಗೆ ಹತ್ತನೇ ಸಲ ಬಂದರೂ ಬರಲಿ. ಅವರ ಅಂತಃಕರಣದ ತೂಕ ಗುರುಗಳ ಮತ್ತು ದೇವರ ಕೆಲಸ, ಪಕ್ಕದ ಬೆಂಚಿನವರದ್ದಲ್ಲ.

ಹೂವಿನ ಕೋಣೆಯ ಹಾಸಿಗೆ

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು, ದಲ್ಲಾಳಿ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡು ಕುಡಿತದಿಂದ ದೂರ ನಿಲ್ಲಲು ಕಲಿತರು. ಅದೇ ಇಂದು ಊರೂರಲ್ಲಿ ಎ.ಎ. ಎಂದು ಕರೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್. ಆಗ ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದೇ ಊರಿನ ಸಂತ ಥಾಮಸ್ ಕಥೋಲಿಕ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ ಎಂಬ ಐರಿಷ್ ಕನ್ಯಾಸ್ತ್ರೀ, 1939ರ ಆಗಸ್ಟ್‌ನಲ್ಲಿ ಡಾಕ್ಟರ್ ಬಾಬ್ ಕಳಿಸಿದ ಕುಡುಕನೊಬ್ಬನನ್ನು ಹೊಟ್ಟೆಯುರಿ ಎಂಬ ಕಾಯಿಲೆಯ ಹೆಸರು ಬರೆದು ಒಳಗೆ ಸೇರಿಸಿಕೊಂಡರು. ಮಲಗಿಸಲು ಜಾಗವಿರಲಿಲ್ಲ. ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸಿಡುವ ಪುಟ್ಟ ಕೋಣೆಗೆ ಅವನ ಹಾಸಿಗೆಯನ್ನು ತಳ್ಳಿದರು. ಅಲ್ಲಿಂದ ಶುರುವಾದ ಸೇವೆಯಲ್ಲಿ ಮುಂದೆ ಸಾವಿರಾರು ಮಂದಿ ಅವರ ಕೈಯಿಂದ ಹಾದುಹೋದರು.

ಗುಣವಾಗಿ ಹೊರಡುವ ಪ್ರತಿಯೊಬ್ಬರಿಗೂ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಪುಟ್ಟ ಬ್ಯಾಡ್ಜ್ ಕೊಟ್ಟು ಒಂದು ಮಾತು ತೆಗೆದುಕೊಳ್ಳುತ್ತಿದ್ದರು: ಮತ್ತೆ ಕುಡಿಯುವ ಮನಸ್ಸಾದರೆ, ಮೊದಲ ಗುಟುಕಿಗಿಂತ ಮುಂಚೆ ಬಂದು ಇದನ್ನು ನನಗೆ ವಾಪಸು ಕೊಡಬೇಕು. ಎಷ್ಟು ಜಾಣತನ ನೋಡಿ. ಕುಡಿಯಬೇಡ ಎಂದು ಅವರು ಹೇಳಲೇ ಇಲ್ಲ. ಕುಡಿಯುವ ಮೊದಲು ನನ್ನ ಬಾಗಿಲಿಗೆ ಬಾ ಎಂದರು. ಆಸೆ ಎಂಬುದು ಅಲೆಯಂತೆ ಏರಿ ಇಳಿಯುತ್ತದೆ. ಅದು ಏರಿದ ಹೊತ್ತಿನಲ್ಲಿ ನಡೆದು ಹೋಗಲು ಒಂದು ಬಾಗಿಲಿದ್ದರೆ, ಹೋಗಿ ತಲುಪುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ರಾತ್ರಿ ಹತ್ತು ಗಂಟೆಗೆ ತಟ್ಟಬಹುದಾದ ಬಾಗಿಲು ಯಾವುದು?

ಎ.ಎ. ಬೇರೆ ಯಾವುದೋ ಮತದ್ದು ಎಂಬ ಅನುಮಾನ ಕೆಲವರಿಗಿದೆ. ಅದು ಯಾವ ಮತಕ್ಕೂ ಸೇರಿದ್ದಲ್ಲ, ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಅದರ ಹನ್ನೆರಡು ಮೆಟ್ಟಿಲುಗಳಿಗೂ ಇಗ್ನೇಷಿಯಸ್ ಲೊಯೋಲರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆ ಕಂಡು ಬೆರಗಾದವರು ಎಡ್ವರ್ಡ್ ಡೌಲಿಂಗ್ ಎಂಬ ಯೇಸುಸಭೆಯ ಗುರುಗಳು. ಅವರು ಬಿಲ್ ವಿಲ್ಸನ್ ಅವರಿಗೆ ಜೀವನವಿಡೀ ಆತ್ಮೀಯರಾಗಿದ್ದರು. ನಮ್ಮ ದೇಶದಲ್ಲೂ, ಸ್ವತಃ ಕುಡಿತದಿಂದ ಹೊರಬಂದ ಮುಂಬಯಿಯ ಫಾದರ್ ಜೋ ಪಿರೇರಾ 1981ರಲ್ಲಿ ಬಾಂದ್ರಾದ ದೇವಾಲಯವೊಂದರ ಆವರಣದಲ್ಲಿ ಕೃಪಾ ಫೌಂಡೇಶನ್ ಕಟ್ಟಿದರು. ಹನ್ನೆರಡು ಮೆಟ್ಟಿಲುಗಳ ಜೊತೆಗೆ ತಮ್ಮ ಗುರು ಬಿ.ಕೆ.ಎಸ್. ಅಯ್ಯಂಗಾರರಿಂದ ಕಲಿತ ಯೋಗವನ್ನೂ ಸೇರಿಸಿದರು. ಅಯ್ಯಂಗಾರರು ನಮ್ಮ ನೆರೆಯ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಒಬ್ಬ ಗುರುವೇ ಕುಡಿತಕ್ಕೆ ಸಿಕ್ಕಿದ್ದೆ ಎಂದು ಬಾಯಿಬಿಟ್ಟು ಹೇಳಿದಾಗ ಎಷ್ಟು ಜನರ ನಾಲಗೆಯ ಗಂಟು ಬಿಚ್ಚಿರಬೇಡ!

ಬಲಿಪೀಠದ ಬಳಿ

ಹಬ್ಬ, ಮದುವೆಗಳಲ್ಲಿ ಪ್ರಸಾದವನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವುದುಂಟು. ಕುಡಿತ ಬಿಟ್ಟವರಿಗೆ, ಅದರಲ್ಲೂ ಮೇಲೆ ಹೇಳಿದ ಮಾತ್ರೆ ತೆಗೆದುಕೊಳ್ಳುವವರಿಗೆ, ಅಷ್ಟೂ ಬೇಡ. ರೊಟ್ಟಿಯ ರೂಪದಲ್ಲೇ ಕ್ರಿಸ್ತರು ಪೂರ್ಣವಾಗಿದ್ದಾರೆ ಎಂಬುದು ಧರ್ಮಸಭೆಯ ಬೋಧನೆ. ಆದ್ದರಿಂದ ಅದ್ದದ ಪ್ರಸಾದ ಬೇಕೆಂದು ಕೇಳಿದವರಿಗೆ ಏನೂ ಕಡಿಮೆ ಸಿಕ್ಕಂತಾಗುವುದಿಲ್ಲ. ಕೇಳಲು ನಾಚಿಕೆಯಾಗದಂತೆ, ಒಂದು ಸಾಲಿನಲ್ಲಿ ಯಾವಾಗಲೂ ಬರೀ ರೊಟ್ಟಿಯನ್ನೇ ಕೊಡುವ ಏರ್ಪಾಡು ಮಾಡಬಹುದು. ಯಾಕೆ ಆ ಸಾಲಿಗೆ ಹೋದರೆಂದು ಯಾರೂ ಕೇಳಬೇಕಾಗಿಲ್ಲ. ಮದ್ಯದ ತೊಂದರೆಯಿರುವ ಗುರುಗಳಿಗೂ, ಹುಳಿಯಲು ಶುರುವಾದಾಗಲೇ ತಡೆದ ದ್ರಾಕ್ಷಾರಸವನ್ನು ಧರ್ಮಾಧ್ಯಕ್ಷರ ಅನುಮತಿಯಿಂದ ಬಳಸಲು ರೋಮಿನಿಂದ 2003ರಲ್ಲಿ ಬಂದ ಪತ್ರ ದಾರಿ ಮಾಡಿಕೊಟ್ಟಿದೆ.

ಬಿಟ್ಟು ಮೂರು ವಾರವಾದವರನ್ನು ಮೈಕಿನ ಮುಂದೆ ನಿಲ್ಲಿಸಿ ಸಾಕ್ಷ್ಯ ಹೇಳಿಸಬೇಡಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಇಂಥವರ ಕುಡಿತ ಬಿಡಲಿ ಎಂದು ಹೆಸರು ಹೇಳಬೇಡಿ. ಅವರ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಅದೇ ಬೆಂಚಿನಲ್ಲಿ ಕೂತಿರುತ್ತಾರೆ.

ಮನೆಯೊಳಗೆ

ಕುಡಿಯುವವರ ಸಾಲ ತೀರಿಸುವುದು, ಮೇಸ್ತ್ರಿಗೆ ಫೋನ್ ಮಾಡಿ ಅವರಿಗೆ ಜ್ವರ ಎನ್ನುವುದು, ಬಾಟಲಿ ಹುಡುಕಿ ಚೆಲ್ಲುವುದು, ಬಂಧುಗಳಿಂದ ಬಚ್ಚಿಡುವುದು, ಹೆಂಡತಿ ಮತ್ತು ತಾಯಿ ವರ್ಷಗಟ್ಟಲೆ ಇದನ್ನೇ ಮಾಡಿ ಸುಸ್ತಾಗುತ್ತಾರೆ. ಕುಡಿತದ ಬೆಲೆಯನ್ನು ಕುಡಿದವರ ಬದಲು ಮನೆಯವರೇ ತೆತ್ತರೆ ಅವರಿಗೆ ಬಿಡುವ ಅಗತ್ಯವೇ ಕಾಣುವುದಿಲ್ಲ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಗೆಳತಿಯೊಡನೆ ಸೇರಿ ಮನೆಯವರಿಗಾಗಿಯೇ ಆಲ್-ಅನಾನ್ ಕಟ್ಟಿದ್ದು ಇದೇ ಅನುಭವದಿಂದ.

ಒಂದು ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ನಿನ್ನ ಶಿಲುಬೆ ಹೊತ್ತುಕೋ, ತಾಳ್ಮೆಯಿಂದಿರು ಎಂದು ಏಟು ತಿನ್ನುವ ಹೆಣ್ಣಿಗೆ ಹೇಳುವುದು ಕ್ರೈಸ್ತ ಬೋಧನೆಯಲ್ಲ. ಹೊಡೆತದ ಮನೆಯಿಂದ ಅವಳನ್ನೂ ಮಕ್ಕಳನ್ನೂ ಮೊದಲು ಸುರಕ್ಷಿತವಾಗಿ ಹೊರತನ್ನಿ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112, ಮಕ್ಕಳಿಗೆ 1098. ಕ್ಷಮಿಸುವ ಮಾತು ಆಮೇಲೆ, ಅದೂ ಅವಳಿಗೆ ಸಾಧ್ಯವಾದಾಗ.

ಭಾಷೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಸಂತೆಯಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡುವ ನಮ್ಮ ಅಜ್ಜಿ, ಮಗ ಕೈಯೆತ್ತಿದ್ದನ್ನು ಹೇಳುವಾಗ ಕನ್ನಡಕ್ಕೇ ಬರುತ್ತಾಳೆ. ನಾಚಿಕೆ, ಭಯ, ಅಳು ಇವೆಲ್ಲ ತಾಯ್ನುಡಿಯಲ್ಲೇ ಇರುತ್ತವೆ. ತಮಿಳಿನಲ್ಲಿ ಮಾತ್ರ ನಡೆಯುವ ಆಪ್ತಸಮಾಲೋಚನೆಯಲ್ಲಿ ಆಕೆ ತಲೆಯಾಡಿಸಿ ಎದ್ದು ಬರುತ್ತಾಳೆ. ಮೂರೂ ಭಾಷೆ ಬಲ್ಲ ಒಬ್ಬರಿಬ್ಬರು ಜೊತೆಗೆ ಹೋಗುವುದಾದರೆ ಅದು ದೊಡ್ಡ ಸೇವೆ. ಗಡಿನಾಡಿನವರಿಗೆ ದೇವರು ಕೊಟ್ಟ ಈ ಬಂಡವಾಳವನ್ನು ಹಬ್ಬದ ಜಗಳಕ್ಕಿಂತ ಇಲ್ಲಿ ಹೂಡುವುದು ಮೇಲು.

ಲೂಕನ ಶುಭಸಂದೇಶದ ಸಮಾರಿಯದವನು ಗಾಯಕ್ಕೆ ಎಣ್ಣೆ ಹಚ್ಚಿ ಹೊರಟುಹೋಗಲಿಲ್ಲ. ಛತ್ರದವನ ಕೈಗೆ ಎರಡು ದಿನಗೂಲಿಯಷ್ಟು ಹಣ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುತ್ತೇನೆಂದ. ಧರ್ಮಸಭೆಯ ಪಿತೃಗಳು ಆ ಛತ್ರವನ್ನು ಧರ್ಮಸಭೆಯೆಂದೇ ಓದಿದರು. ಮರಳಿ ಬರುವವರು ಲೆಕ್ಕ ಚುಕ್ತಾ ಮಾಡುವ ತನಕ ಖರ್ಚು ಛತ್ರದ್ದೇ.

ಸಮುದಾಯದಲ್ಲಿ ಚರ್ಚಿಸಲು

ನಮ್ಮ ಮನೆಗಳ ಮದುವೆ, ನಾಮಕರಣ, ಹಬ್ಬದೂಟಗಳಲ್ಲಿ ಮ���್ಯವಿಲ್ಲದೆ ಮರ್ಯಾದೆ ಉಳಿಯುವುದಿಲ್ಲ ಎಂದು ಹೇಳುವವರು ಯಾರು? ಮದ್ಯ ಇರುವ ಕಡೆಯೂ, ಬೇಡ ಎಂದವರನ್ನು ಮತ್ತೆ ಒತ್ತಾಯಿಸದಿರಲು ಮನೆಯ ಯಜಮಾನರು ಏನು ಮಾಡಬಹುದು?

ಕುಡಿತ ಬಿಟ್ಟವರಿಗೆ ಅತಿ ಕಷ್ಟದ ಹೊತ್ತು ಸಂಜೆ ಆರರಿಂದ ಒಂಬತ್ತು ಎಂದು ಹಲವರು ಹೇಳುತ್ತಾರೆ. ಆ ಹೊತ್ತಿನಲ್ಲಿ ನಮ್ಮ ಧರ್ಮೋಪದೇಶದ ಕೋಣೆಗಳಿಗೆ ಬೀಗ ಹಾಕಿರುತ್ತದೆ. ವಾರಕ್ಕೊಂದು ಸಂಜೆ ಎ.ಎ. ಸಭೆಗೆ ಒಂದು ಕೋಣೆ ಬಿಟ್ಟುಕೊಡಬಹುದೇ? ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾತಾಡಲು ಬಿಡುವ ಒಂದೇ ಸಭೆಯೋ, ಬೇರೆ ಬೇರೆಯೋ?

ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರು ಅಕ್ಕಿ, ಶಾಲಾ ಶುಲ್ಕ ಕೊಡುತ್ತಾರೆ. ಬಿಟ್ಟ ಮೊದಲ ವರ್ಷ ಕೆಲಸ ಕೊಡಿಸುವ, ಸಾಲಗಾರರ ಜೊತೆ ಕಂತು ಮಾತಾಡುವ ಕೆಲಸವನ್ನೂ ಅವರೊಂದಿಗೆ ಯಾರು ಹಂಚಿಕೊಳ್ಳುತ್ತೀರಿ?

ರಾತ್ರಿ ಯಾವ ಹೊತ್ತಿನಲ್ಲಾದರೂ ಫೋನ್ ಎತ್ತಿಕೊಳ್ಳುತ್ತೇವೆ, ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಎನ್ನುವವರು ಪ್ರತಿ ಸಮುದಾಯದಿಂದ ಇಬ್ಬರು ಬೇಕು, ಒಬ್ಬ ಗಂಡಸು, ಒಬ್ಬ ಹೆಂಗಸು. ಹೆಸರು ಮತ್ತು ಫೋನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಗುರುಗಳ ಕೈಗೇ ಕೊಡಿ. ಕಾಣಿಕೆ ಡಬ್ಬಿಗೆ ಹಾಕಬೇಡಿ.